ಕಾಕ್ಲಿಯರ್ ಇಂಪ್ಲಾಂಟ್: ಸದ್ದಿನಿಂದ ಮಾತಿನವರೆಗೆ

ಕಾಕ್ಲಿಯರ್ ಇಂಪ್ಲಾಂಟ್ ಎಂಬುದು ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಮಿಡಿತಗಳನ್ನು ಮುಟ್ಟಿಸುವ ಸಾಧನ. ಸಾಮಾನ್ಯ ಶ್ರವಣಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ. ಸದ್ದನ್ನು ನರದ ಸಂಕೇತವಾಗಿಸುವ ಒಳಗಿವಿಯ ರೋಮಕೋಶಗಳೇ ಸತ್ತುಹೋಗಿದ್ದರೆ ಎಷ್ಟು ದೊಡ್ಡದು ಮಾಡಿದರೂ ವ್ಯರ್ಥ. ಇಂಪ್ಲಾಂಟ್ ಆ ಕೋಶಗಳ ಗೊಡವೆಗೇ ಹೋಗುವುದಿಲ್ಲ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ಸಂಕೇತವಾಗಿ ಬದಲಿಸುತ್ತದೆ. ಚರ್ಮದಡಿಯ ಗ್ರಾಹಕ ಅದನ್ನು ಒಳಗಿವಿಯಲ್ಲಿ ಚಿಪ್ಪಿನಂತೆ ಸುತ್ತಿರುವ ಕಾಕ್ಲಿಯದ ಸುರುಳಿಯೊಳಗಿನ ಎಲೆಕ್ಟ್ರೋಡುಗಳಿಗೆ ದಾಟಿಸುತ್ತದೆ.

1957ರಲ್ಲಿ ಪ್ಯಾರಿಸ್‌ನ ಆಂಡ್ರೆ ಜೂರ್ನೊ ಮತ್ತು ಶಾರ್ಲ್ ಎರಿಯೆಸ್ ಕಿವುಡನಾಗಿದ್ದ ರೋಗಿಯೊಬ್ಬನ ಶ್ರವಣ ನರಕ್ಕೆ ವಿದ್ಯುತ್ ಹಾಯಿಸಿದರು. ಅವನಿಗೆ ಜೀರುಂಡೆಯ ದನಿಯಂಥದ್ದೇನೋ ಕೇಳಿಸಿತು. ಕೆಲವು ಪದಗಳನ್ನು ಗುರುತಿಸಲೂ ಕಲಿತ. ಮಾತು ಮಾತ್ರ ಅರ್ಥವಾಗಲಿಲ್ಲ.

ಸದ್ದು ಕೇಳಿಸುವುದೇ ಬೇರೆ, ಮಾತು ತಿಳಿಯುವುದೇ ಬೇರೆ. ಈ ಸಾಧನದ ಇತಿಹಾಸವೆಲ್ಲ ಈ ಅಂತರದ್ದೇ. ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ 1961ರಲ್ಲಿ ಶುರುಮಾಡಿದ ಪ್ರಯೋಗಗಳು ಎಲ್ಲ ಸದ್ದನ್ನೂ ಒಂದೇ ದಾರಿಯಲ್ಲಿ ಕಳಿಸುವ, ಒಂದೇ ಚಾನೆಲ್ಲಿನ ಯಂತ್ರದಲ್ಲಿ ಕೊನೆಗೊಂಡವು. ಅಂಥ ಯಂತ್ರ ಹಾಕಿಸಿಕೊಂಡ 13 ಮಂದಿಯನ್ನು ಪರೀಕ್ಷಿಸಿದ ರಾಬರ್ಟ್ ಬಿಲ್ಗರ್ ತಂಡ 1977ರಲ್ಲಿ ವರದಿ ಕೊಟ್ಟಿತು: ತುಟಿಚಲನೆ ಓದಲು ಅನುಕೂಲವಾಗಿದೆ, ಆದರೆ ಬರಿಯ ಕಿವಿಯಿಂದ ಮಾತು ತಿಳಿಯದು.

ಮೆಲ್ಬರ್ನ್‌ನ ವೈದ್ಯ ಗ್ರೇಮ್ ಕ್ಲಾರ್ಕ್ ಅವರ ತಂದೆ ಔಷಧದಂಗಡಿ ನಡೆಸುತ್ತಿದ್ದ ಕಿವುಡರು. ಒಂದೇ ಚಾನೆಲ್ ಸಾಲದೆಂದರೆ ಹಲವು ಎಲೆಕ್ಟ್ರೋಡುಗಳು ಬೇಕು; ಅವುಗಳ ಕಟ್ಟನ್ನು ಕಾಕ್ಲಿಯದ ಸುರುಳಿಯೊಳಗೆ ತೂರಿಸುವುದು ಹೇಗೆಂಬುದು ಕ್ಲಾರ್ಕ್‌ಗೆ ಬಗೆಹರಿಯದ ತೊಡಕಾಗಿತ್ತು. 1977ರಲ್ಲಿ ಕಡಲತೀರದಲ್ಲಿ ಕೂತು, ಸಿಕ್ಕ ಸುರುಳಿ ಚಿಪ್ಪೊಂದಕ್ಕೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಗಟ್ಟಿ ಇರುವ ಎಸಳು ಸಲೀಸಾಗಿ ಒಳಗೆ ಸುತ್ತಿಕೊಂಡಿತು. 1978ರ ಆಗಸ್ಟ್ 1ರಂದು, ಕಾರು ಅಪಘಾತದಲ್ಲಿ ಶ್ರವಣಶಕ್ತಿ ಕಳೆದುಕೊಂಡಿದ್ದ ರಾಡ್ ಸಾಂಡರ್ಸ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಪರೀಕ್ಷೆಯಲ್ಲಿ ರಾಷ್ಟ್ರಗೀತೆ ನುಡಿಸಿದಾಗ ಆತ ಎದ್ದು ನಿಂತರು! ಸ್ವರಗಳನ್ನು ಬೇರ್ಪಡಿಸುವ ಮುಖ್ಯ ಕಂಪನಾಂಕವೊಂದನ್ನು ಹೆಕ್ಕಿ ಆಯಾ ಎಲೆಕ್ಟ್ರೋಡಿಗೆ ಕಳಿಸಿದ ಮೇಲೆ ಮಾತೂ ಅವರಿಗೆ ತಿಳಿಯತೊಡಗಿತು.

ಅಕ್ಕಪಕ್ಕದ ಎಲೆಕ್ಟ್ರೋಡುಗಳ ವಿದ್ಯುತ್ ಒಂದಕ್ಕೊಂದು ಬೆರೆತು ಮಾತು ಕಲಸಿಹೋಗುವುದು ಮುಂದಿನ ತೊಂದರೆ. ಅಮೆರಿಕದ ಬ್ಲೇಕ್ ವಿಲ್ಸನ್ ಮಿಡಿತಗಳನ್ನು ಒಟ್ಟಿಗೆ ಬಿಡದೆ, ಸರದಿಯಂತೆ ಬಲು ವೇಗವಾಗಿ ಕಳಿಸುವ ವಿಧಾನವನ್ನು 1991ರಲ್ಲಿ ಪ್ರಕಟಿಸಿದರು. ಅನೇಕರು ಫೋನಿನಲ್ಲಿ ಮಾತಾಡುವಂತಾದದ್ದು ಇಂಥ ಸುಧಾರಣೆಗಳಿಂದ. ಕ್ಲಾರ್ಕ್, ವಿಲ್ಸನ್ ಮತ್ತು ಆಸ್ಟ್ರಿಯದ ಇಂಗೆಬೋರ್ಗ್ ಹೋಖ್ಮೇರ್ 2013ರ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡರು.

ಸುಮಾರು 30,000 ನರತಂತುಗಳ ಕೆಲಸಕ್ಕೆ ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಎಲೆಕ್ಟ್ರೋಡುಗಳು. ಮಿಕ್ಕದ್ದನ್ನು ತುಂಬಿಕೊಳ್ಳುವುದು ಮಿದುಳು. ಯಂತ್ರ ಚಾಲೂ ಮಾಡಿದ ದಿನ ಹೆಂಡತಿ ಮಕ್ಕಳ ದನಿಯೂ ರೋಬೋಟಿನಂತೆ ಕೇಳಿಸಬಹುದು; ತಿಂಗಳುಗಟ್ಟಲೆ ಅಭ್ಯಾಸವಾದ ಮೇಲೆ, ಹಿಂದೆ ಕೇಳಿದ್ದ ಭಾಷೆಯ ನೆನಪಿಗೆ ಹೊಸ ಸದ್ದು ಹೊಂದಿಕೊಳ್ಳುತ್ತದೆ. ಹಾಗಾಗಿ ಇತ್ತೀಚೆಗೆ ಶ್ರವಣಶಕ್ತಿ ಕಳೆದುಕೊಂಡವರಿಗೆ ಲಾಭ ಹೆಚ್ಚು, ಹುಟ್ಟುಕಿವುಡರಾದ ವಯಸ್ಕರಿಗೆ ಕಡಿಮೆ. ಗದ್ದಲದ ನಡುವಿನ ಮಾತು ಮತ್ತು ಸಂಗೀತ ಇಂದಿಗೂ ಕಷ್ಟವೇ.

ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಪ್ಲಾಂಟ್ ಪಡೆದವರಿಗೆ ಮ್ಯಾಪಿಂಗ್ (ಎಲೆಕ್ಟ್ರೋಡುಗಳ ವಿದ್ಯುತ್ ಮಟ್ಟವನ್ನು ಹೊಂದಿಸುವುದು) ಮತ್ತು ಆಲಿಸುವ ತರಬೇತಿ ನಡೆಯುತ್ತದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಇಂಪ್ಲಾಂಟಿಗೆ ಸಿಗುವ ನೆರವು ಮಕ್ಕಳಿಗೆ ಮೀಸಲು.