ನಾಯಿ ಅಡ್ಡ ಬಂದ್ರೆ ಏನು ರೂಲು?

ಊರಲ್ಲಿ ಚಿನ್ನಿದಾಂಡು ಆಡುವಾಗ ನಮ್ಮದೊಂದು ರೂಲ್ ಇತ್ತು. ಚಿನ್ನಿ ಹೋಗಿ ಎಮ್ಮೆಗೆ ತಾಗಿದರೆ ಆ ಹೊಡೆತ ಲೆಕ್ಕಕ್ಕಿಲ್ಲ, ಮತ್ತೆ ಹೊಡಿ. ಯಾರೂ ಬರೆದಿಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಬೇಸಿಗೆ ರಜೆಗೆ ಪಕ್ಕದೂರಿನ ಹುಡುಗರು ಬಂದಾಗ ಮಾತ್ರ ಜಗಳ. ಅವರೂರಲ್ಲಿ ಎಮ್ಮೆಗೆ ತಾಗಿದರೆ ಔಟಂತೆ!

ಇದು ನೆನಪಾಗಿದ್ದು ಮೊನ್ನೆ. ಆಫೀಸಿನ ನಾವು ಎಂಟು ಜನ ಪ್ರತಿ ಶನಿವಾರ ಬೆಳಗ್ಗೆ ಗಾಲ್ಫ್ ಆಡ್ತೀವಿ. ಆಟ ಸುಮಾರು, ಆಮೇಲಿನ ಇಡ್ಲಿ ವಡೆ ಜೋರು. ಮೊದಲ ಹೊಡೆತ ಕೆಟ್ಟರೆ ಇನ್ನೊಂದು ಚಾನ್ಸ್. ಗುಳಿಯ ಹತ್ತಿರ ಒಂದು ಕೋಲಿನಷ್ಟು ದೂರದಲ್ಲಿ ಚೆಂಡು ನಿಂತರೆ ಒಳಗೆ ಬಿದ್ದಂತೆಯೇ ಲೆಕ್ಕ. ಹೊಸದಾಗಿ ಸೇರಿದ ಹುಡುಗನಿಗೆ ಇದ್ಯಾವುದನ್ನೂ ನಾವು ಹೇಳಿರಲಿಲ್ಲ. ಪಾಪ, ಅವನು ಒಂದೊಂದು ಹೊಡೆತವನ್ನೂ ಪ್ರಾಮಾಣಿಕವಾಗಿ ಎಣಿಸಿ ಕೊನೆಯವನಾದ. ತಿಂಡಿ ತಿನ್ನುವಾಗ ವಿಷಯ ಗೊತ್ತಾಯ್ತು. ‘ಮೊದಲೇ ಹೇಳಬಹುದಿತ್ತಲ್ವಾ ಅಣ್ಣಾ’ ಅಂದ, ಅಷ್ಟೇ. ಮುಂದಿನ ಎರಡು ಶನಿವಾರ ಬರಲೇ ಇಲ್ಲ.

ಗಾಲ್ಫ್‌ಗೆ ರೂಲ್ ಬುಕ್ ಬಂದದ್ದೂ ಹೊಸಬರ ದೆಸೆಯಿಂದಲೇ. ಸ್ಕಾಟ್ಲೆಂಡಿನಲ್ಲಿ 1457ರಷ್ಟು ಹಿಂದೆಯೇ ಜನ ಬಿಲ್ವಿದ್ಯೆ ಬಿಟ್ಟು ಗಾಲ್ಫ್ ಆಡ್ತಾರೆ ಅಂತ ಅಲ್ಲಿನ ಪಾರ್ಲಿಮೆಂಟು ಆಟವನ್ನೇ ನಿಷೇಧಿಸಿತ್ತು. ಆದರೆ ಇವತ್ತು ನಮಗೆ ಸಿಕ್ಕಿರುವ ಅತಿ ಹಳೆಯ ಲಿಖಿತ ನಿಯಮಗಳು 1744ರವು. ನಡುವೆ ಸುಮಾರು ಮುನ್ನೂರು ವರ್ಷ! ಗೊತ್ತಿದ್ದವರು ಗೊತ್ತಿದ್ದವರ ಜೊತೆ ಆಡುವಾಗ ಬರೆಯುವ ದರ್ದು ಯಾರಿಗಿರುತ್ತೆ? ಆ ವರ್ಷ ಎಡಿನ್‌ಬರೋ ನಗರಸಭೆ ಗೆದ್ದವರಿಗೆಂದು ಒಂದು ಬೆಳ್ಳಿ ಗಾಲ್ಫ್ ಕೋಲು ಕೊಟ್ಟಿತು. ಬ್ರಿಟನ್, ಐರ್ಲೆಂಡಿನ ಯಾವ ಮೂಲೆಯ ದೊಡ್ಡ ಮನುಷ್ಯರೂ ಸ್ಪರ್ಧಿಸಬಹುದಿತ್ತು. ಹೊರಗಿನವರು ಬರ್ತಾರೆ ಅಂದಮೇಲೆ ಬರೆಯಲೇಬೇಕಾಯ್ತು.

ಬರೆದದ್ದು ಬರೀ 13 ನಿಯಮ. ಚೆಂಡು ಕಳೆದುಹೋದರೆ ಹಿಂದೆ ಹೊಡೆದ ಜಾಗಕ್ಕೇ ಹೋಗು, ಎದುರಾಳಿಗೆ ಒಂದು ಹೊಡೆತ ಬಿಟ್ಟುಕೊಡು. ಈ ನಿಯಮದ ತಿರುಳು ಇವತ್ತಿಗೂ ಉಳಿದಿದೆ. ಮನುಷ್ಯ, ಕುದುರೆ, ನಾಯಿ ಯಾವುದು ಅಡ್ಡ ಬಂದು ಚೆಂಡು ನಿಂತರೂ ನಿಂತಲ್ಲಿಂದಲೇ ಹೊಡಿ. ಯಾಕೆ ಕುದುರೆ, ನಾಯಿ? ಆಡುತ್ತಿದ್ದ ಲೀತ್ ಲಿಂಕ್ಸ್ ಊರಿನ ಗೋಮಾಳದಂಥ ಬಯಲು, ಐದೇ ಗುಳಿ, ಬೇಲಿಯಿಲ್ಲ. ಹದಿಮೂರನೆಯದಂತೂ ಪಕ್ಕಾ ಆ ಮೈದಾನದ ರೂಲ್. ಅಲ್ಲಿನ ಶಾಲೆ ಹುಡುಗರ ಗುಳಿ, ಸೈನಿಕರ ಸಾಲುಗಳನ್ನು ಆಟದ ಅಡ್ಡಿ ಅಂತ ಲೆಕ್ಕ ಹಿಡಿಯಬಾರದು ಅನ್ನುತ್ತೆ. ಅಂದರೆ ಜಗತ್ತಿನ ಮೊದಲ ರೂಲ್ ಬುಕ್ಕೇ ಒಂದು ಗೆಳೆಯರ ಗುಂಪಿನ ಮನೆ ರೂಲು.

ಆ ವರ್ಷ ಗೆದ್ದವನು ಜಾನ್ ರ‍್ಯಾಟ್ರೇ ಎಂಬ ಶಸ್ತ್ರವೈದ್ಯ. ನಿಯಮಗಳ ಕೆಳಗೆ ಕ್ಯಾಪ್ಟನ್ ಅಂತ ಇರುವುದೂ ಅವನದೇ ಸಹಿ. ಮರುವರ್ಷ ಸ್ಕಾಟ್ಲೆಂಡಿನಲ್ಲಿ ಅರಸೊತ್ತಿಗೆಗಾಗಿ ದಂಗೆಯೆದ್ದಿತು. ರ‍್ಯಾಟ್ರೇ ದಂಗೆಕೋರರ ವೈದ್ಯನಾಗಿ ಹೋದ, 1746ರಲ್ಲಿ ಕಲೋಡನ್ ಯುದ್ಧ ಸೋತ ಮೇಲೆ ಸೆರೆಸಿಕ್ಕ. ಅವನ ಪರವಾಗಿ ಮಾತಾಡಿದವನು ಡಂಕನ್ ಫೋರ್ಬ್ಸ್. ಸ್ಕಾಟ್ಲೆಂಡಿನ ಅತ್ಯುನ್ನತ ನ್ಯಾಯಾಧೀಶ, ಸರ್ಕಾರದ ಕಡೆಯವನು, ಲೀತ್‌ನಲ್ಲಿ ರ‍್ಯಾಟ್ರೇ ಜೊತೆ ಗಾಲ್ಫ್ ಆಡಿದವನು! ರ‍್ಯಾಟ್ರೇ ಬದುಕಿ ಬಂದ, 1751ರಲ್ಲಿ ಮತ್ತೆ ಬೆಳ್ಳಿ ಕೋಲು ಗೆದ್ದ. ಅಂಕ ಬರೆದ ಚೀಟಿ ಎಲ್ಲೋ ಕಳೆದುಹೋಗುತ್ತೆ, ಆದರೆ ಜೊತೆಗೆ ಆಡಿದ ಋಣ ಹಾಗಲ್ಲ ನೋಡಿ.

ಇದನ್ನೆಲ್ಲ ಓದಿದ ರಾತ್ರಿ ನಾಚಿಕೆಯಾಗಿ ನಾನೂ ಒಂದು ಪುಟ ಬರೆದೆ. ಅಂಕಕ್ಕೆ 1932ರಲ್ಲಿ ಡಾ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಜಾರಿಗೆ ತಂದ ಪದ್ಧತಿ: ನಿಗದಿತ ಹೊಡೆತಗಳಲ್ಲಿ ಮುಗಿಸಿದರೆ 2, ಒಂದು ಹೆಚ್ಚಾದರೆ 1, ಅದಕ್ಕೂ ಹೆಚ್ಚಾದರೆ ಸೊನ್ನೆ. ಒಂದು ಗುಳಿಯಲ್ಲಿ ಎಡವಟ್ಟಾದರೆ ಚೆಂಡು ಎತ್ತಿಕೊಂಡು ಮುಂದಿನದಕ್ಕೆ ಹೊರಡಬಹುದು, ಇಡೀ ದಿನ ಹಾಳಾಗಲ್ಲ. ಇನ್ನೊಂದು ಚಾನ್ಸ್ ದಿನಕ್ಕೆ ಒಂದೇ, ಅದೂ ಎಲ್ಲರಿಗೂ. ಹೊಸಬರಿಗೆ ಆಟಕ್ಕೆ ಮೊದಲೇ ಇಷ್ಟನ್ನೂ ಓದಿ ಹೇಳಬೇಕು.

ಆ ಹುಡುಗನಿಗೆ ಕಳಿಸಿ, ‘ತಪ್ಪು ನಮ್ಮದು ಕಣೋ, ಏನಾದ್ರೂ ಸೇರಿಸೋದಿದ್ರೆ ಸೇರಿಸು’ ಅಂದೆ. ಶನಿವಾರ ಬಂದ. ಕೊನೆಗೆ ಒಂದು ಸಾಲು ಸೇರಿಸಿದ್ದ: ನಾಯಿ ಅಡ್ಡ ಬಂದರೆ ಮತ್ತೆ ಹೊಡೆಯಬಹುದು.

ಅದರ ಕೆಳಗೆ ನಾನು ಬರೆದೆ: ಎಮ್ಮೆಗೂ ಅದೇ ರೂಲು.