ಕ್ಲೀನರ್ ಇಲ್ಲದ ಬಸ್ಸು

ಕ್ಲೀನರ್ ಎಂಬ ಶಬ್ದ ನಮ್ಮ ಕಡೆಯ ಮಾತಿನಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ ಅದರ ಅರ್ಥವೇ ಮರೆತುಹೋಗಿದೆ. ಲಾರಿಯಲ್ಲಿ ಡ್ರೈವರನ ಪಕ್ಕ ಕೂತವನು ಕ್ಲೀನರ್, ಅಷ್ಟೆ. ಖಾಸಗಿ ಬಸ್ಸುಗಳ ಕಾಲದಲ್ಲಿ ಹೆಸರೇ ಹೇಳುವಂತೆ ಗಾಡಿ ತೊಳೆಯುವುದು ಅವನ ಕೆಲಸವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದಾಗ, ಒಲೆ ಹೊತ್ತಿಸಿ ಗಾಳಿ ಹಾಕಿ ಬೆವರಿಳಿಸಿದವನೂ ಅವನೇ. ಬಸ್ಸಿಗೊಬ್ಬ ಮಾಲೀಕನಿದ್ದ. ಮಾಲೀಕನ ಕಣ್ಣು ಕ್ಲೀನರನ ಮೇಲೆ, ಕ್ಲೀನರನ ಕಣ್ಣು ಎಲೆಅಡಿಕೆ ಹಾಕಿಕೊಂಡವನ ಬಾಯಿಯ ಮೇಲೆ.

ತುಂಗಭದ್ರೆಯ ಆಚೆ ದಂಡೆಯ ಕಥೆ ಬೇರೆ. ನಿಜಾಮರ ರೈಲ್ವೆ ಇಲಾಖೆ 1932ರಲ್ಲೇ 27 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆ ಆರಂಭಿಸಿತ್ತು. ಮೈಸೂರು ಸರ್ಕಾರ ತನ್ನ 120 ಬಸ್ಸುಗಳನ್ನು ರಸ್ತೆಗಿಳಿಸಿದ್ದು 1948ರ ಸೆಪ್ಟೆಂಬರ್ 12ರಂದು. ಅದರ ಮರುದಿನವೇ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಕ್ಕೆ ನಡೆದದ್ದು ಕಾಕತಾಳೀಯ. ಇವೆರಡರ ನಡುವೆ ಬಳ್ಳಾರಿ ಸೀಮೆ ಮದರಾಸಿನದಾಗಿ ಉಳಿದಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. 1961ರಲ್ಲಿ ನಿಗಮವಾಯಿತು. 2000ದಲ್ಲಿ ಅದು ಒಡೆದು ಗುಲ್ಬರ್ಗ ಕೇಂದ್ರವಾಗಿ ಈಶಾನ್ಯ ಸಾರಿಗೆಯಾಯಿತು, ಈಗ ಅದೇ ಕಲ್ಯಾಣ ಕರ್ನಾಟಕ ಸಾರಿಗೆ. ಸರ್ಕಾರಿ ಬಸ್ಸು ಬಡವನಿಗೆ ಕೊಟ್ಟದ್ದು ಬಹಳ: ಗೊತ್ತಾದ ವೇಳೆ, ಗೊತ್ತಾದ ದರ, ಖಾಲಿ ಸೀಟಿದ್ದರೂ ಹೋಗಲೇಬೇಕಾದ ಹಳ್ಳಿ. ಆದರೆ ಡ್ರೈವರ್, ಕಂಡಕ್ಟರ್ ಇಬ್ಬರನ್ನೇ ಇಟ್ಟುಕೊಂಡು ಹೊರಟ ಆ ಬಸ್ಸಿನಿಂದ ಕ್ಲೀನರ್ ಇಳಿದುಹೋದ. ತೊಳೆಯುವ ಕೆಲಸ ಪ್ರಯಾಣಿಕರ ಕಣ್ಣಿಗೆ ಬೀಳದ ಹಾಗೆ ಡಿಪೊ ಸೇರಿತು.

ಉರ್ದುವಿನಲ್ಲಿ ಒಂದು ಗಾದೆಯಿದೆ: 'ಮಾಲೆ ಮುಫ್ತ್, ದಿಲೆ ಬೇರಹಮ್'. ಪುಕ್ಕಟೆ ಸಿಕ್ಕ ಮಾಲಿನ ಮೇಲೆ ಮನಸ್ಸಿಗೆ ಕರುಣೆ ಇರುವುದಿಲ್ಲ. ಮುಂದಿನ ಸೀಟಿನ ಬೆನ್ನಿಗೆ ಕೀಲಿಕೈಯಿಂದ ಕೊರೆದ ಜೋಡಿ ಹೆಸರುಗಳು, ಬ್ಲೇಡಿನಿಂದ ಸೀಳಿದ ರೆಕ್ಸಿನ್, ಅಕ್ಷರ ಕೆರೆದು ಅಪಾರ್ಥ ಬರುವಂತೆ ತಿದ್ದಿದ ಸೂಚನೆಗಳು ಎಲ್ಲವೂ ಈ ಗಾದೆಗೆ ಸಾಕ್ಷಿ. ಗುಟ್ಕಾ ರಾಜ್ಯದಲ್ಲಿ 2013ರಿಂದ ನಿಷಿದ್ಧ. ಕಿಟಕಿಯ ಕೆಳಗಿನ ಕೆಂಪು ಗೆರೆಗಳಿಗೆ ಆ ವಿಷಯ ತಿಳಿದಂತಿಲ್ಲ. ಕೊಳೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಹಡಗಲಿಯ ಮೈಲಾರ ಜಾತ್ರೆಯಿಂದ ಮರಳುವ ಬಸ್ಸಿನ ಸೀಟುಗಳು ಭಂಡಾರದಿಂದ ಹಳದಿಯಾಗಿರುತ್ತವೆ. ಅದನ್ನು ಹೊಲಸು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಹಗರಿಬೊಮ್ಮನಹಳ್ಳಿಯ ಮಟ್ಟಿಗೆ ಬಸ್ಸು ಕೆಟ್ಟರೆ ಕೆಟ್ಟಿತು ಎಂದು ಸುಮ್ಮನಿರುವಂತೆಯೂ ಇರಲಿಲ್ಲ. ಹೊಸಪೇಟೆ–ಕೊಟ್ಟೂರು ಮಾರ್ಗದಲ್ಲಿ 1905ರಿಂದ ಇದ್ದ ರೈಲು 1990ರ ದಶಕದಲ್ಲಿ ಗೇಜ್ ಬದಲಾವಣೆಗೆಂದು ನಿಂತದ್ದು, ಪ್ಯಾಸೆಂಜರ್ ಗಾಡಿಯಾಗಿ ಮತ್ತೆ ಬಂದದ್ದು 2019ರಲ್ಲಿ. ಅಷ್ಟು ವರ್ಷ ಆಸ್ಪತ್ರೆಗೆ, ಕಾಲೇಜಿಗೆ, ಕೋರ್ಟಿಗೆ ಬಸ್ಸೇ ಗತಿ.

ಹಾಗಿದ್ದೂ ಬಂದ್ ಎಂದ ಕೂಡಲೇ ಮೊದಲ ಕಲ್ಲು ಬೀಳುವುದು ಬಸ್ಸಿನ ಗಾಜಿಗೆ. ಕಾರಣ ಊಹಿಸುವುದು ಕಷ್ಟವಲ್ಲ: ವಿಧಾನಸೌಧ ದೂರ, ತಹಸೀಲ್ದಾರರ ಕಚೇರಿಗೆ ಪೊಲೀಸರ ಕಾವಲು. ಸರ್ಕಾರ ಎಂಬುದು ದಿನವೂ ಕೈಗೆಟಕುವಷ್ಟು ಹತ್ತಿರ ಬರುವುದು ಕೆಂಪು ಬಸ್ಸಿನ ರೂಪದಲ್ಲಿ ಮಾತ್ರ. ಸಾರ್ವಜನಿಕ ಆಸ್ತಿ ಹಾನಿ ತಡೆಯ 1984ರ ಕೇಂದ್ರ ಕಾಯಿದೆ ಸಾರಿಗೆ ವಾಹನಕ್ಕೆ ಹಾನಿ ಮಾಡಿದವನಿಗೆ ಆರು ತಿಂಗಳಿಂದ ಐದು ವರ್ಷ, ಬೆಂಕಿ ಇಟ್ಟರೆ ಹತ್ತು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಗುಂಪಿಗೆ ಮುಖವಿಲ್ಲವಾದ್ದರಿಂದ ಕಾಯಿದೆಯ ಕೈ ಅಷ್ಟು ಉದ್ದ ಚಾಚುವುದು ಅಪರೂಪ. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ಮರಾಠಿ ಬರುವುದಿಲ್ಲ ಎಂದ ಕಂಡಕ್ಟರನಿಗೆ ಏಟು ಬಿತ್ತು. ಅದಕ್ಕೆ ಉತ್ತರವೆಂದು ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸು ತಡೆದು ಡ್ರೈವರನ ಮುಖಕ್ಕೆ ಮಸಿ ಬಳಿದರು. ಮಹಾರಾಷ್ಟ್ರ ಕರ್ನಾಟಕದ ಕಡೆಗಿನ ತನ್ನ ಬಸ್ಸುಗಳನ್ನೇ ನಿಲ್ಲಿಸಿತು. ಏಟು ತಿಂದವನೂ ಮಸಿ ಹಚ್ಚಿಸಿಕೊಂಡವನೂ ಸಂಬಳಕ್ಕೆ ದುಡಿಯುವವರು, ನಿಲ್ದಾಣದಲ್ಲಿ ಗಂಟು ಹಿಡಿದು ನಿಂತವರು ಕೂಲಿಯವರು.

2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಬಂದ ಮೇಲೆ ನನ್ನ ಗಾದೆಯನ್ನೇ ಅವರ ಮೇಲೆ ತಿರುಗಿಸುವವರಿದ್ದಾರೆ: ಪುಕ್ಕಟೆ ಬರುವವರು ಬಸ್ಸು ಹಾಳು ಮಾಡುತ್ತಾರಂತೆ. ಗಾಜು ಒಡೆದವರಲ್ಲಿ, ಬೆಂಕಿ ಇಟ್ಟವರಲ್ಲಿ ಹೆಂಗಸರೆಷ್ಟು ಎಂದು ಈ ಮಹನೀಯರು ಎಣಿಸಲಿ. ಟಿಕೆಟ್ ಕೊಂಡೇ ಹತ್ತಿದ ಗಂಡಸರ ಕಾಲದಲ್ಲೂ ಸೀಟು ಸೀಳಿಯೇ ಇತ್ತು. ಬಸ್ಸು ನಿಂತ ದಿನ ಮೊದಲು ಮನೆಯಲ್ಲಿ ಉಳಿಯುವವಳು ಕಾಲೇಜಿಗೆ ಹೋಗುವ ಹುಡುಗಿ. ಅಣ್ಣ ಬೈಕಿನಲ್ಲಾದರೂ ಹೋಗುತ್ತಾನೆ.

ಗಾದೆ ಪೂರ್ತಿ ನಿಜವಲ್ಲ ಎನ್ನುವುದಕ್ಕೆ ನಮ್ಮಲ್ಲಿ ವಸ್ತಿ ಬಸ್ಸಿದೆ. ಹೊಸದಾಗಿ ಬಸ್ಸು ಬಂದ ಹಳ್ಳಿಯಲ್ಲಿ ಬಾಳೆಕಂದು ಕಟ್ಟಿ, ಹಾರ ಹಾಕಿ, ಕಾಯಿ ಒಡೆಯುತ್ತಾರೆ. ರಾತ್ರಿ ಅದು ಅಲ್ಲೇ ಉಳಿಯುತ್ತದೆ. ಡ್ರೈವರಿಗೆ, ಕಂಡಕ್ಟರಿಗೆ ಯಾರದೋ ಮನೆಯಿಂದ ರೊಟ್ಟಿ ಬರುತ್ತದೆ. ಕಾವಲಿಲ್ಲದೆ ರಾತ್ರಿಯೆಲ್ಲಾ ಬಯಲಲ್ಲಿ ನಿಂತ ಆ ಬಸ್ಸಿನ ಗಾಜನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಿದ ಹುಡುಗನ ಕಿವಿ ಹಿಂಡಲು ಕಟ್ಟೆಯ ಮೇಲೆ ಹಿರಿಯರಿರುತ್ತಾರೆ. ಬೆಳಿಗ್ಗೆ ಆರಕ್ಕೆ ಹಾರ್ನ್ ಕೇಳಿಸಿದರೆ 'ನಮ್ಮ ಬಸ್ಸು ಹೊಂಟಿತು' ಎನ್ನುತ್ತಾರೆ. ಅದೇ ಬಸ್ಸು ಪಟ್ಟಣದ ನಿಲ್ದಾಣ ಮುಟ್ಟುವ ಹೊತ್ತಿಗೆ ಸರ್ಕಾರದ್ದಾಗಿರುತ್ತದೆ.