ಲೇಖಕರ ಸಹಿ ಇರುವ ಮೊದಲ ಮುದ್ರಣ

ಕಾದಂಬರಿಯೊಂದು ಮೊದಲ ಸಲ ಪುಸ್ತಕವಾಗಿ ಅಚ್ಚಾದಾಗ ಹೊರಬಿದ್ದ ಪ್ರತಿಗಳೇ ಮೊದಲ ಮುದ್ರಣ. ಅಂಥ ಪ್ರತಿಯ ಮೇಲೆ ಬರೆದವರ ಕೈಬರಹವೂ ಇದ್ದರೆ ಸಂಗ್ರಾಹಕರು ಅದನ್ನು ಜೀವದಂತೆ ಕಾಯುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಹರಾಜುಕಟ್ಟೆಗಳಿವೆ, ಇದೊಂದನ್ನೇ ನಂಬಿದ ಅಂಗಡಿಗಳಿವೆ. ಕನ್ನಡದಲ್ಲಿ ಅಷ್ಟು ದೊಡ್ಡ ವ್ಯಾಪಾರವಿಲ್ಲ, ಆದರೆ ಪುಸ್ತಕಗಳಿವೆ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯ ಮಲಪನಗುಡಿಯಂಥ ಊರಿನಲ್ಲೂ ನಿವೃತ್ತ ಮೇಷ್ಟರೊಬ್ಬರ ಟ್ರಂಕಿನಲ್ಲಿ ಅಂಥದ್ದೊಂದು ಪ್ರತಿ ಇರಬಹುದು. ಅದನ್ನು ಗುರುತಿಸುವುದು ಹೇಗೆ ಎಂಬುದು ಮನೆಯವರಿಗೆ ತಿಳಿದಿದ್ದರೆ ಅದು ರದ್ದಿಗೆ ಹೋಗುವುದಿಲ್ಲ.

ಅಮೆರಿಕದ ರೂಢಿ

ಅಲ್ಲಿ ಪ್ರಕಾಶಕರಿಗೊಂದು ಗುರುತು. ಸ್ಕ್ರಿಬ್ನರ್ ಸಂಸ್ಥೆ 1930ರಿಂದ ಮೊದಲ ಮುದ್ರಣದ ಹಕ್ಕು ವಿವರದ ಪುಟದಲ್ಲಿ 'ಎ' ಅಕ್ಷರ ಹಾಕುತ್ತಿತ್ತು. ಹೆಮಿಂಗ್ವೆಯ 1952ರ 'ದಿ ಓಲ್ಡ್ ಮ್ಯಾನ್ ಅಂಡ್ ದ ಸೀ' ಕೊಳ್ಳುವವರು ಮೊದಲು ಹುಡುಕುವುದು ಅದನ್ನೇ. ಫಿಟ್ಸ್‌ಜೆರಾಲ್ಡ್‌ನ 'ದ ಗ್ರೇಟ್ ಗ್ಯಾಟ್ಸ್‌ಬಿ' 1925ರದು, ಆ ಗುರುತು ಬರುವುದಕ್ಕಿಂತ ಹಿಂದಿನದು. ಅದನ್ನು ಹಿಡಿಯುವುದು ಅಚ್ಚಿನ ತಪ್ಪುಗಳಿಂದ: 205ನೆಯ ಪುಟದಲ್ಲಿ ತಪ್ಪಾಗಿ ಬಿದ್ದ ಒಂದು ಸಣ್ಣ ಪದವನ್ನು ಮುಂದಿನ ಮುದ್ರಣದಲ್ಲಿ ತಿದ್ದಲಾಯಿತು. ತಪ್ಪಿರುವ ಪ್ರತಿಗೇ ಬೆಲೆ. ಮೇಲಿನ ಕಾಗದದ ಹೊದಿಕೆ ಉಳಿದಿದ್ದರಂತೂ ಬೆಲೆ ಹಲವು ಪಟ್ಟು ಏರುತ್ತದೆ, ಏಕೆಂದರೆ ಓದುವವರು ಮೊದಲು ಕಿತ್ತೆಸೆಯುತ್ತಿದ್ದುದು ಅದನ್ನೇ.

ಕನ್ನಡ ಪುಸ್ತಕದಲ್ಲಿ ಎಲ್ಲಿ ನೋಡಬೇಕು

ನಮ್ಮಲ್ಲಿ ಕೆಲಸ ಒಂದು ರೀತಿಯಲ್ಲಿ ಸುಲಭ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಪುಸ್ತಕದ ಮೇಲೂ ಮುದ್ರಕರ ಹೆಸರು, ಅಚ್ಚಾದ ಊರು, ಪ್ರಕಾಶಕರ ಹೆಸರು ಇರಲೇಬೇಕಿತ್ತು. ಆಳುವವರು ಕಣ್ಣಿಡುವುದಕ್ಕೆ ತಂದ ಕಾನೂನು ಇಂದು ಪುಸ್ತಕಪ್ರೇಮಿಗೆ ಒದಗುತ್ತಿದೆ. ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿದರೆ ಮೊದಲ ಮುದ್ರಣದ ವರ್ಷ, ಬೆಲೆ, ಹಕ್ಕು, ಮುದ್ರಣಾಲಯ ಸಾಲಾಗಿ ಸಿಗುತ್ತವೆ. ಎಷ್ಟೋ ಪುಸ್ತಕಗಳಲ್ಲಿ 'ಪ್ರತಿಗಳು: 1000' ಎಂದೂ ಇರುತ್ತದೆ. ಅಮೆರಿಕದ ಸಂಗ್ರಾಹಕ ಊಹಿಸಬೇಕಾದ ಸಂಖ್ಯೆಯನ್ನು ನಮ್ಮ ಪ್ರಕಾಶಕರು ತಾವಾಗಿಯೇ ಬರೆದಿಟ್ಟಿದ್ದಾರೆ.

ಎಚ್ಚರ ಬೇಕಾದ ಕಡೆಗಳೂ ಇವೆ. 'ಮೊದಲ ಮುದ್ರಣ: 1965' ಎಂದು ಕಂಡ ಕೂಡಲೇ ಹಿಗ್ಗಬಾರದು. ಅದರ ಕೆಳಗೆ ಎರಡನೆಯದು, ಮೂರನೆಯದು ಎಂದು ಪಟ್ಟಿ ಬೆಳೆದಿದ್ದರೆ ಕೈಯಲ್ಲಿರುವುದು ಕೊನೆಯ ಸಾಲಿನ ಪ್ರತಿ. ಪ್ರಕಾಶಕರು ಬದಲಾದಾಗ ಹೊಸಬರು ತಮ್ಮಲ್ಲಿ ಮೊದಲು ಅಚ್ಚಾದ ವರ್ಷವನ್ನಷ್ಟೇ ಹಾಕಿರುವುದೂ ಉಂಟು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯ ಹಾಳೆಗಳನ್ನು ಕತ್ತರಿಸಿ ಮನೆಯಲ್ಲೇ ಹೊಲಿದಿಟ್ಟ ಕಟ್ಟುಗಳಿರುತ್ತವೆ. ಅವು ಮೊದಲ ಮುದ್ರಣವಲ್ಲ, ಆದರೆ ಅದಕ್ಕಿಂತ ಹಳೆಯ ರೂಪ. ನನ್ನ ಲೆಕ್ಕದಲ್ಲಿ ಅವೂ ಜೋಪಾನಕ್ಕೆ ಯೋಗ್ಯ.

ಹುಡುಕುವವರು ನೆನಪಿಡಬೇಕಾದ ಕೆಲವು ವರ್ಷಗಳಿವೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899, ಕಾರಂತರ 'ಚೋಮನ ದುಡಿ' 1933, ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936, 'ಮಲೆಗಳಲ್ಲಿ ಮದುಮಗಳು' 1967. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. 1933ರಲ್ಲಿ ಶುರುವಾದ ಈ ಮಾಲೆ ಚಂದಾದಾರರನ್ನು ನೆಚ್ಚಿ ನಡೆದದ್ದು. ಹೊಸ ಪುಸ್ತಕ ಅಂಚೆಯಲ್ಲಿ ಅವರ ಮನೆಗೇ ಹೋಗುತ್ತಿತ್ತು. ಹೀಗಾಗಿ ಇಂಥ ಮೊದಲ ಮುದ್ರಣಗಳನ್ನು ದೊಡ್ಡ ಪಟ್ಟಣದ ಅಂಗಡಿಗಿಂತ ಹಳೆಯ ಚಂದಾದಾರರ ಮನೆಯಲ್ಲೇ ಹುಡುಕಬೇಕು.

ಸಹಿ ಮತ್ತು ಒಕ್ಕಣೆ

ಬರೀ ಸಹಿಗೆ ಹೆಚ್ಚು ಬೆಲೆಯೋ, 'ಇಂಥವರಿಗೆ ವಿಶ್ವಾಸದಿಂದ' ಎಂಬ ಒಕ್ಕಣೆಯಿರುವ ಸಹಿಗೋ? ಪಶ್ಚಿಮದ ಕೊಳ್ಳುಗರಲ್ಲಿ ಅನೇಕರು ಬರೀ ಸಹಿಯನ್ನೇ ಬಯಸುತ್ತಾರೆ, ಒಕ್ಕಣೆ ಗಣ್ಯರ ಹೆಸರಿಗಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ನಾನು ಇದನ್ನು ಒಪ್ಪಲಾರೆ. ಊರು, ತಾರೀಖು, ಹೆಸರು ಸೇರಿದ ಎರಡು ಸಾಲು ಲೇಖಕ ಯಾವ ಊರಿಗೆ ಬಂದಿದ್ದ, ಯಾರ ಸ್ನೇಹದಲ್ಲಿದ್ದ ಎಂಬುದಕ್ಕೆ ದಾಖಲೆ. ಬರೀ ಸಹಿ ಅಷ್ಟು ಹೇಳುವುದಿಲ್ಲ.

ಸಹಿ ನಿಜವೋ ಅಲ್ಲವೋ ತಿಳಿಯಲು ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಶಾಯಿ ಕಾಗದಕ್ಕೆ ಇಳಿದಿರುತ್ತದೆ, ನಿಬ್ಬಿನ ಒತ್ತು ಏರಿಳಿದಿರುತ್ತದೆ. ಅಚ್ಚಾದ ಸಹಿಯಲ್ಲೂ ರಬ್ಬರ್ ಮೊಹರಿನಲ್ಲೂ ಈ ಏರಿಳಿತವಿಲ್ಲ. ಲೇಖಕರು ತೀರಿಕೊಂಡ ಮೇಲೆ ಅಚ್ಚಾದ ಮುದ್ರಣದಲ್ಲಿ ಅವರ ಸಹಿ ಕಂಡರೆ ಹೆಚ್ಚಿಗೆ ಹೇಳಬೇಕಿಲ್ಲ.

ಹಂಪಿಯ ಪುಸ್ತಕಗಳ ತೊಡಕು

ಕಾದಂಬರಿಯಲ್ಲದಿದ್ದರೂ ಈ ಸೀಮೆಯವರು ಹುಡುಕುವ ಎರಡು ಪುಸ್ತಕಗಳ ಮಾತು ಇಲ್ಲಿ ಬೇಕು. ರಾಬರ್ಟ್ ಸೆವೆಲ್‌ನ 'ಎ ಫರ್‌ಗಾಟನ್ ಎಂಪೈರ್' 1900ರಲ್ಲಿ ಲಂಡನ್ನಿನಲ್ಲಿ, ಲಾಂಗ್‌ಹರ್ಸ್ಟ್‌ನ 'ಹಂಪಿ ರೂಯಿನ್ಸ್' 1917ರಲ್ಲಿ ಮದರಾಸಿನಲ್ಲಿ ಅಚ್ಚಾದವು. ದೆಹಲಿಯ ಪ್ರಕಾಶಕರು ಇವನ್ನು ಪಡಿಯಚ್ಚಾಗಿ ಮತ್ತೆ ತಂದಿದ್ದಾರೆ. ಒಳಗಿನ ಹಳೆಯ ಶೀರ್ಷಿಕೆ ಪುಟ ಹಾಗೆಯೇ ಉಳಿದಿರುತ್ತದೆ. ಅದೊಂದನ್ನೇ ನೋಡಿ ಹಣ ಕೊಟ್ಟರೆ ಮೋಸಹೋದಂತೆ. ಕಾಗದದ ವಯಸ್ಸು, ಹೊಲಿಗೆ, ಮರುಮುದ್ರಣದ ವಿವರ ಮೂರನ್ನೂ ನೋಡಬೇಕು.

ಎಲ್ಲಿ ಸಿಗುತ್ತವೆ

ಹಳೆಯ ಪುಸ್ತಕಗಳಿಗೆ ಬೆಂಗಳೂರಿನಲ್ಲಿ 1945ರಲ್ಲಿ ಶುರುವಾದ ಸೆಲೆಕ್ಟ್ ಬುಕ್ ಶಾಪ್ ಹೆಸರುವಾಸಿ. ಹೊಸದಾಗಿ ಶುರುಮಾಡುವವರು ಅಷ್ಟು ದೂರ ಹೋಗಬೇಕಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯ ಮಲಪನಗುಡಿಗೆ ಹತ್ತಿರವೇ ಇದೆ. ಅದರ ಘಟಿಕೋತ್ಸವವಾದ ನುಡಿಹಬ್ಬಕ್ಕೆ ಬರಹಗಾರರು ಬರುತ್ತಾರೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ 'ಅರಮನೆ'ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬರುವ ಮೊದಲೇ ಅದನ್ನು ಕೊಂಡು ಸಹಿ ಹಾಕಿಸಿಕೊಂಡವರದು ಸರಿಯಾದ ದಾರಿ: ಇವತ್ತಿನ ಪುಸ್ತಕವನ್ನು ಇವತ್ತೇ ಕೊಳ್ಳುವುದು.

ಕೆಂಪು ಧೂಳಿನಲ್ಲಿ ಕಾಪಾಡುವುದು

ಸಂಡೂರಿನ ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು ಪುಟಗಳ ಅಂಚಿಗೆ ಕೂತರೆ ಒದ್ದೆ ಬಟ್ಟೆ ಹಚ್ಚಬಾರದು, ಕಲೆಯಾಗುತ್ತದೆ. ಒಣ ಮೆತ್ತನೆಯ ಬ್ರಶ್ಶಿನಿಂದ ಪುಸ್ತಕ ಮುಚ್ಚಿ ಹಿಡಿದು ಝಾಡಿಸಬೇಕು. ಬೇಸಿಗೆಯ ಬಿಸಿಲು ನೇರ ಬೀಳುವ ಗೋಡೆ ಬೇಡ. ಗೆದ್ದಲು ಹಿಡಿಯದಂತೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು, ಕಾಲುಗಳನ್ನು ಎತ್ತರಿಸಬೇಕು. ನುಸಿಗುಳಿಗೆ ಹಾಳೆಗೆ ತಗಲಬಾರದು. ಎಲ್ಲಕ್ಕಿಂತ ಮುಖ್ಯ, ಹರಿದ ಪುಸ್ತಕವನ್ನು ಪ್ರೀತಿಯಿಂದಲೇ ಬೈಂಡಿಂಗಿಗೆ ಕೊಡಬೇಡಿ. ಅಂಚು ಕತ್ತರಿಸುವಾಗ ಒಕ್ಕಣೆಯ ಕೊನೆಯ ಅಕ್ಷರ ಹೋಗುತ್ತದೆ, ಹಳೆಯ ಮುಖಪುಟ ಕಸಕ್ಕೆ ಸೇರುತ್ತದೆ. ಸೆಲ್ಲೊಟೇಪೂ ಬೇಡ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಪಟ್ಟಿಯಾಗುತ್ತದೆ. ಬಿಡಿಯಾದ ಹಾಳೆಗಳನ್ನು ಸೇರಿಸಿ, ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೊಂದು ಚೀಟಿಯಲ್ಲಿ ಪುಸ್ತಕದ ಹೆಸರನ್ನೂ ಅದು ಮನೆಗೆ ಬಂದ ಬಗೆಯನ್ನೂ ಪೆನ್ಸಿಲಿನಲ್ಲಿ ಬರೆದಿಡಿ.